ತಲೆಗೆ ಹೋಗೋ ಮಾತ್ರೆ, ತಲೆಯೊಳಗೆ ಹೋಗಿ ಮಾಡೋದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)



ನಿದ್ದೆ ಬಗ್ಗೆ ಮಾಡಿದ ಎಪಿಸೋಡ್ ಕೇಳಿ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. ಹೆಸರು ಬೇಡ, ಊರೂ ಬೇಡ. ವಯಸ್ಸು 24. ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ರಾತ್ರಿ ಮೂರು ಗಂಟೆಗೆ ಎಚ್ಚರ, ಎದೆ ಢವಢವ, ಭಾನುವಾರ ಸಂಜೆ ಆದ್ರೆ ಸಾಕು ಹೊಟ್ಟೇಲಿ ಕಲ್ಲು ಇಟ್ಟ ಹಾಗೆ. ಧೈರ್ಯ ಮಾಡಿ ಸೈಕಿಯಾಟ್ರಿಸ್ಟ್ ಹತ್ರ ಹೋಗಿದಾನೆ. ಅವರು ಎರಡು ಮಾತ್ರೆ ಬರೆದುಕೊಟ್ಟಿದಾರೆ. ಬೆಳಿಗ್ಗೆಗೆ ಎಸಿಟಾಲೊಪ್ರಾಮ್. ರಾತ್ರಿಗೆ, ಎರಡು ವಾರದ ಮಟ್ಟಿಗೆ ಮಾತ್ರ, ಕ್ಲೊನಾಜೆಪಾಮ್.

ಹನ್ನೆರಡು ದಿನ ಆಗಿದೆ. ರಾತ್ರಿ ಮಾತ್ರೆ ಮೊದಲ ದಿನವೇ ಕೆಲಸ ಮಾಡ್ತು, ಮಗು ತರ ನಿದ್ದೆ. ಬೆಳಿಗ್ಗೆ ಮಾತ್ರೆಯಿಂದ ಹೊಟ್ಟೆ ತೊಳೆಸಿದ್ದು ಬಿಟ್ರೆ ಏನೂ ಗೊತ್ತಾಗಿಲ್ಲ. ಅವನ ಲೆಕ್ಕಾಚಾರ ಕೇಳಿ: "ಬ್ರೋ, ಕೆಲಸ ಮಾಡ್ದೇ ಇರೋದನ್ನ ಬಿಟ್ಟುಬಿಡ್ತೀನಿ, ಕೆಲಸ ಮಾಡೋದನ್ನ ಮುಂದುವರಿಸ್ತೀನಿ. ಮೆಡಿಕಲ್ ಶಾಪಲ್ಲಿ ಪರಿಚಯದವರು ಇದಾರೆ." ಇದರ ಜೊತೆಗೆ ಅವರಮ್ಮನ ಮಾತು ಬೇರೆ: "ತಲೆಗೆ ಹೋಗೋ ಮಾತ್ರೆ ಕಣೋ, ಬುದ್ಧಿ ಮಂಕಾಗುತ್ತೆ, ಎರಡೂ ಬಿಡು."

ಕಾಮರ್ಸ್ ಓದಿದೋನಾಗಿ ಹೇಳ್ತೀನಿ, ಲಾಭ ನಷ್ಟದ ಲೆಕ್ಕದಲ್ಲಿ ಅವನ ವಾದ ಸರಿಯಾಗೇ ಕಾಣ್ಸುತ್ತೆ. ಆದ್ರೆ ಮೆದುಳಿನ ಲೆಕ್ಕದಲ್ಲಿ ಅದು ಪೂರ್ತಿ ತಲೆಕೆಳಗು. ಅವತ್ತೇ ಅವನಿಗೆ, ಯಾವುದನ್ನೂ ಬಿಡ್ಬೇಡ, ಯಾವುದನ್ನೂ ಜಾಸ್ತಿ ಮಾಡ್ಬೇಡ, ಮೊದಲು ಡಾಕ್ಟರಿಗೆ ಫೋನ್ ಮಾಡು ಅಂತ ಬರೆದೆ. ಯಾಕೆ ತಲೆಕೆಳಗು ಅನ್ನೋದು ಎರಡು ಸಾಲಿನ ಮೆಸೇಜಲ್ಲಿ ಹೇಳೋ ವಿಷಯ ಅಲ್ಲ. ಅದಕ್ಕೇ ಈ ಎಪಿಸೋಡ್.

ನಾನು ಬಿ.ಕಾಂ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟೂ ಅಲ್ಲ. ಫಾರ್ಮಕಾಲಜಿ ಪುಸ್ತಕಗಳನ್ನ ಮುಂದಿಟ್ಕೊಂಡು, ಗೊತ್ತಿರೋರನ್ನ ಪೀಡಿಸಿ ಕಲಿತಿದ್ದು ಇದು. ಮಾತ್ರೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ನಾನು ಹೇಳಬಲ್ಲೆ. ನಿಮಗೆ ಯಾವ ಮಾತ್ರೆ, ಎಷ್ಟು, ಎಲ್ಲಿವರೆಗೆ ಅನ್ನೋದು ನಿಮ್ಮನ್ನ ನೋಡಿದ ಡಾಕ್ಟರ್ ಹೇಳಬೇಕು.

ಬಾಗಿಲಲ್ಲೇ ಚೆಕಿಂಗ್

ಮೊದಲು ಅಮ್ಮನ ಮಾತು ತಗೊಳ್ಳೋಣ. "ತಲೆಗೆ ಹೋಗೋ ಮಾತ್ರೆ." ನಿಜ ಹೇಳ್ಬೇಕಂದ್ರೆ ನುಂಗಿದ ಮಾತ್ರೆಗೆ ತಲೆಗೆ ಹೋಗೋದು ಸುಲಭ ಅಲ್ಲ. ಮೆದುಳಿನ ಒಳಗಿರೋ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಇಟ್ರೆ ಸುಮಾರು 600 ಕಿಲೋಮೀಟರ್ ಆಗುತ್ತೆ ಅಂತಾರೆ. ಬೆಂಗಳೂರಿಂದ ಮಂಗಳೂರಿಗೆ ಹೋಗಿ ಮುಕ್ಕಾಲು ದಾರಿ ವಾಪಸ್ ಬಂದಷ್ಟು. ಈ ನಾಳಗಳ ಗೋಡೆಯ ಜೀವಕೋಶಗಳು ಒಂದಕ್ಕೊಂದು ಗಾರೆ ಮೆತ್ತಿದ ಹಾಗೆ ಅಂಟಿಕೊಂಡಿರ್ತವೆ. ಬೇರೆ ಅಂಗಗಳಲ್ಲಿ ರಕ್ತದಿಂದ ಏನೇನೋ ಸೋರಿ ಒಳಗೆ ಹೋಗಬಹುದು. ಇಲ್ಲಿ ಆಗಲ್ಲ. ಇದಕ್ಕೆ ಬ್ಲಡ್ ಬ್ರೈನ್ ಬ್ಯಾರಿಯರ್ ಅಂತಾರೆ. ಕನ್ನಡದಲ್ಲಿ ರಕ್ತ-ಮೆದುಳು ತಡೆ ಅನ್ನೋಣ.

ಕೊಬ್ಬಲ್ಲಿ ಕರಗೋ ಸಣ್ಣ ಅಣುಗಳು ಈ ಗೋಡೆಯನ್ನ ದಾಟುತ್ತವೆ. ಮದ್ಯ, ಕೆಫೀನ್, ನಿಕೋಟಿನ್ ಎಲ್ಲಾ ಹೀಗೇ ನುಗ್ಗೋದು. ಉಳಿದವಕ್ಕೆ ಸರಿಯಾದ ಪಾಸ್ ಬೇಕು. ಇನ್ನು ಕೆಲವನ್ನ ಗೋಡೆಯಲ್ಲಿರೋ ಪಂಪುಗಳು ಒಳಗೆ ಕಾಲಿಟ್ಟ ತಕ್ಷಣ ಕತ್ತು ಹಿಡಿದು ಹೊರಗೆ ತಳ್ತವೆ.

ನೆಗಡಿಗೆ ತಗೊಳ್ಳೋ ಹಳೇ ಕಾಲದ ಮಾತ್ರೆ, ಕ್ಲೋರ್‌ಫೆನಿರಮೈನ್ ತರದ್ದು, ನುಂಗಿದ್ರೆ ಆಫೀಸಲ್ಲಿ ಕೂತಲ್ಲೇ ತೂಕಡಿಕೆ. ಯಾಕಂದ್ರೆ ಅದು ತಡೆ ದಾಟಿ, ನಮ್ಮನ್ನ ಎಚ್ಚರವಾಗಿ ಇಡೋ ಹಿಸ್ಟಮೈನ್‌ನ ಮೆದುಳಲ್ಲೂ ಅಡ್ಡಗಟ್ಟುತ್ತೆ. ಫೆಕ್ಸೊಫೆನಡಿನ್ ಅನ್ನೋ ಹೊಸ ಮಾತ್ರೆ ಮೂಗಲ್ಲಿ ಅದೇ ಕೆಲಸ ಮಾಡುತ್ತೆ, ಆದ್ರೆ ಪಂಪು ಅದನ್ನ ಹೊರಗೇ ಇಡೋದ್ರಿಂದ ನಿದ್ದೆ ಬರಲ್ಲ. ಇನ್ನೊಂದು ಇನ್ನೂ ಮಜಾ ಇದೆ. ಭೇದಿ ನಿಲ್ಲಿಸೋಕೆ ಕೊಡೋ ಲೋಪೆರಮೈಡ್ ಅಫೀಮಿನ ಜಾತಿಯದ್ದು. ಮಾರ್ಫಿನ್ ಹಿಡಿಯೋ ಜಾಗವನ್ನೇ ಅದು ಕರುಳಲ್ಲಿ ಹಿಡಿಯುತ್ತೆ. ಡಾಕ್ಟರ್ ಹೇಳಿದ ಅಳತೇಲಿ ತಗೊಂಡ್ರೆ ಅಮಲು ಮಾತ್ರ ಇಲ್ಲ, ಯಾಕಂದ್ರೆ ಮೆದುಳಿನ ಬಾಗಿಲಲ್ಲಿ ಎಂಟ್ರಿ ಸಿಗಲ್ಲ.

ಅಂದ್ರೆ "ತಲೆಗೆ ಹೋಗೋ ಮಾತ್ರೆ" ಅನ್ನೋದು ಮನೋರೋಗಕ್ಕೆ ಮಾತ್ರ ಮೀಸಲಾದ ಯಾವುದೋ ಭಯಂಕರ ವಸ್ತು ಅಲ್ಲ. ಅಮ್ಮ ಬೆಳಿಗ್ಗೆ ಎದ್ದ ತಕ್ಷಣ ಕುಡಿಯೋ ಫಿಲ್ಟರ್ ಕಾಫೀನೂ ತಲೆಗೇ ಹೋಗೋದು. ಆ ಕಾಫೀನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಸಣ್ಣ ಸಂದು

ಒಳಗೆ ಹೋದ್ಮೇಲೆ ಏನು? ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದ ಒಳಗೆ ಸುದ್ದಿ ಹೋಗೋದು ವಿದ್ಯುತ್ ರೂಪದಲ್ಲಿ. ಆದ್ರೆ ಒಂದು ಕೋಶಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದು ಸಂದು ಇರುತ್ತೆ, ಸುಮಾರು 20 ನ್ಯಾನೋಮೀಟರ್. ಒಂದು ಮಿಲಿಮೀಟರನ್ನ ಐವತ್ತು ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ. ಆ ಸಂದನ್ನ ಸುದ್ದಿ ದಾಟೋದು ಹೆಚ್ಚಾಗಿ ರಾಸಾಯನಿಕದ ರೂಪದಲ್ಲಿ. ಈ ಕಡೆ ಕೋಶ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟಿರೋ ರಾಸಾಯನಿಕವನ್ನ ಸಂದಿಗೆ ಸುರಿಯುತ್ತೆ. ಆ ಕಡೆ ಕೋಶದ ಮೈಮೇಲೆ ಅದಕ್ಕಂತಲೇ ಗ್ರಾಹಕಗಳಿರ್ತವೆ, ರಿಸೆಪ್ಟರ್‌ಗಳು. ಸುದ್ದಿ ಮುಟ್ಟಿದ ಮೇಲೆ ಸಂದನ್ನ ಗುಡಿಸಿ ಕ್ಲೀನ್ ಮಾಡಬೇಕು. ಇಲ್ಲದಿದ್ರೆ ಹಳೇ ಸುದ್ದಿ ಕೂಗ್ತಾನೇ ಇರುತ್ತೆ. ಕೆಲವು ರಾಸಾಯನಿಕಗಳನ್ನ ಅಲ್ಲೇ ಪುಡಿ ಮಾಡ್ತಾರೆ. ಕೆಲವನ್ನ ಕಳಿಸಿದ ಕೋಶವೇ ವಾಪಸ್ ಎಳ್ಕೊಂಡು ಚೀಲಕ್ಕೆ ತುಂಬುತ್ತೆ. ಸಂತೆ ಮುಗಿದ ಮೇಲೆ ಉಳಿದ ಸೊಪ್ಪನ್ನ ಬುಟ್ಟಿಗೆ ತುಂಬ್ಕೊಂಡು ಹೋಗ್ತಾರಲ್ಲ, ಹಾಗೆ.

ನೂರಾರು ಔಷಧಗಳು ಕೈ ಹಾಕೋದು ಈ ವ್ಯವಹಾರದ ಯಾವುದೋ ಒಂದು ಹಂತಕ್ಕೇ. ಮಾರ್ಫಿನ್ ಬಂದು ನಮ್ಮದೇ ಎಂಡಾರ್ಫಿನ್ ತರ ನಟಿಸಿ ಗ್ರಾಹಕದಲ್ಲಿ ಕೂರುತ್ತೆ. ಸೈಕೋಸಿಸ್‌ಗೆ ಕೊಡೋ ಹೆಚ್ಚಿನ ಮಾತ್ರೆಗಳು ಡೋಪಮೈನ್ ಕೂರೋ ಕುರ್ಚಿಗೆ ಟವೆಲ್ ಹಾಕ್ತವೆ. ಮರೆವಿನ ಕಾಯಿಲೆಗೆ ಕೊಡೋ ಡೊನೆಪೆಜಿಲ್, ಅಸಿಟೈಲ್‌ಕೋಲಿನ್ ಪುಡಿ ಮಾಡೋ ಕಿಣ್ವವನ್ನ ತಡೆಯುತ್ತೆ. ಫಿಟ್ಸಿಗೆ ಕೊಡೋ ಫೆನಿಟಾಯ್ನ್, ಕಾರ್ಬಮಜೆಪೈನ್ ಸಂದಿಗೆ ಹೋಗೋದೇ ಇಲ್ಲ, ವಿದ್ಯುತ್ ಹರಿಯೋ ಸೋಡಿಯಂ ದಾರಿಯನ್ನೇ ಹಿಡಿದು, ಮಿತಿಮೀರಿ ಸಿಡಿಯೋ ಕೋಶಗಳನ್ನ ನಿಧಾನ ಮಾಡ್ತವೆ.

ಇಲ್ಲಿ ಒಂದು ವಿಷಯ. ಯಾವ ಮಾತ್ರೆಯೂ ಮೆದುಳಿಗೆ ಹೊಸ ಭಾವನೆಯನ್ನ ತಂದು ಹಾಕಲ್ಲ. ಇರೋ ವ್ಯವಸ್ಥೆಯ ದನಿಯನ್ನ ಜೋರು ಮಾಡುತ್ತೆ ಅಥವಾ ಮೆತ್ತಗೆ ಮಾಡುತ್ತೆ, ಅಷ್ಟೇ. ತೊಂದರೆ ಏನಂದ್ರೆ ಅದೇ ರಾಸಾಯನಿಕ ಬೇರೆ ಕಡೆಯೂ ಬೇರೆ ಕೆಲಸ ಮಾಡ್ತಿರುತ್ತೆ. ನಮ್ಮ ಹುಡುಗನಿಗೆ ಹೊಟ್ಟೆ ತೊಳೆಸಿದ್ದು ಅದಕ್ಕೇ. ದೇಹದ ಸಿರೊಟೋನಿನ್‌ನಲ್ಲಿ ಸುಮಾರು ಶೇಕಡಾ 90ರಷ್ಟು ಇರೋದು ಮೆದುಳಲ್ಲಲ್ಲ, ಕರುಳಲ್ಲಿ. ಸಿರೊಟೋನಿನ್ ವ್ಯವಹಾರಕ್ಕೆ ಕೈ ಹಾಕಿದ ಮಾತ್ರೆಯ ಮೊದಲ ಗಲಾಟೆ ಹೊಟ್ಟೇಲೇ ಕೇಳೋದು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಣ್ಣಗಾಗುತ್ತೆ.

ರಾತ್ರಿ ಮಾತ್ರೆ: ಬ್ರೇಕು

ಈಗ ಕ್ಲೊನಾಜೆಪಾಮ್. ಅಲ್ಪ್ರಾಜೊಲಾಮ್, ಡಯಾಜೆಪಾಮ್, ಲೊರಾಜೆಪಾಮ್ ಎಲ್ಲಾ ಅದರ ಅಣ್ಣತಮ್ಮಂದಿರು. ಒಟ್ಟು ಕುಟುಂಬದ ಹೆಸರು ಬೆಂಜೊಡಯಾಜೆಪೈನ್.

ಮೆದುಳಿಗೆ ಒಂದು ಮುಖ್ಯ ಬ್ರೇಕ್ ಇದೆ. ಆ ಬ್ರೇಕಿನ ರಾಸಾಯನಿಕದ ಹೆಸರು ಗಾಬಾ. ಗಾಬರಿ ಇಳಿಸೋದಕ್ಕೆ ಗಾಬಾ ಅಂತ, ನಾನು ಮಾಡಿದ ಜೋಕಲ್ಲ, ನಿಜವಾಗ್ಲೂ ಹಾಗೇ ಇದೆ. ಗಾಬಾ ಬಂದು ತನ್ನ ಗ್ರಾಹಕದಲ್ಲಿ ಕೂತಾಗ ಒಂದು ಸಣ್ಣ ಬಾಗಿಲು ತೆರೆದು ಕ್ಲೋರೈಡ್ ಒಳಗೆ ಬರುತ್ತೆ. ಆಗ ಆ ನರಕೋಶ ಸುಲಭವಾಗಿ ಸಿಡಿಯಲ್ಲ, ತಣ್ಣಗಾಗುತ್ತೆ. ಬೆಂಜೊ ಮಾತ್ರೆ ಬ್ರೇಕನ್ನ ತಾನೇ ತುಳಿಯಲ್ಲ. ಅದು ಗ್ರಾಹಕದ ಪಕ್ಕದಲ್ಲಿ ಬೇರೆ ಜಾಗದಲ್ಲಿ ಕೂತು, ಗಾಬಾ ಬಂದಾಗ ಬಾಗಿಲು ಇನ್ನೂ ಹೆಚ್ಚು ಸಲ ತೆರೆಯೋ ಹಾಗೆ ಮಾಡುತ್ತೆ. ಪವರ್ ಬ್ರೇಕ್ ಇದ್ದ ಹಾಗೆ: ಕಾಲು ನಿಮ್ಮದೇ, ಬಲ ಜಾಸ್ತಿ. ಇದಕ್ಕಿಂತ ಮೊದಲು ಬಳಕೇಲಿದ್ದ ಬಾರ್ಬಿಚುರೇಟ್‌ಗಳು ಹಾಗಲ್ಲ. ಪ್ರಮಾಣ ಏರಿದ್ರೆ ಗಾಬಾ ಇಲ್ಲದೇನೇ ಬಾಗಿಲನ್ನ ತೆಗೆದು ಹಿಡಿಯೋವು. ಉಸಿರಾಟದ ಕೇಂದ್ರವೂ ನಿಂತು ಹೋಗೋದು. ನಿದ್ರೆ ಮಾತ್ರೆ ಅಂದ್ರೆ ಸಾವು ಅನ್ನೋ ಹಳೇ ಸಿನಿಮಾಗಳ ಚಿತ್ರ ಬಂದಿದ್ದು ಆ ಕಾಲದಿಂದ.

ಬೆಂಜೊ ಸಿಕ್ಕಿದ್ದು ಹೆಚ್ಚುಕಮ್ಮಿ ಕಸದ ರಾಶಿಯಿಂದ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ರಸಾಯನ ವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್ ಹಲವು ವಸ್ತುಗಳನ್ನ ತಯಾರಿಸಿ, ಉಪಯೋಗಕ್ಕೆ ಬರಲಿಲ್ಲ ಅಂತ ಕೈಬಿಟ್ಟಿದ್ರು. 1957ರಲ್ಲಿ ಲ್ಯಾಬ್ ಸ್ವಚ್ಛ ಮಾಡೋವಾಗ ಪರೀಕ್ಷೆ ಮಾಡದೇ ಉಳಿದಿದ್ದ ಒಂದು ಕಣ್ಣಿಗೆ ಬಿತ್ತು. ಅದೇ 1960ರಲ್ಲಿ ಲಿಬ್ರಿಯಂ ಆಗಿ ಮಾರುಕಟ್ಟೆಗೆ ಬಂತು. 1963ರಲ್ಲಿ ವ್ಯಾಲಿಯಂ ಬಂತು. ಇವು ಮೆದುಳಲ್ಲಿ ಎಲ್ಲಿ ಕೂರ್ತವೆ ಅಂತ ಪತ್ತೆ ಆಗಿದ್ದು 1977ರಲ್ಲಿ. ಅಷ್ಟರೊಳಗೆ ಕೋಟ್ಯಂತರ ಜನ ನುಂಗಿ ಆಗಿತ್ತು. ಈ ಕ್ಷೇತ್ರದಲ್ಲಿ ಇದು ಸಾಮಾನ್ಯ: ಮೊದಲು ಮಾತ್ರೆ, ಆಮೇಲೆ ವಿವರಣೆ.

ಮೊದಲ ರಾತ್ರಿಯೇ ಕೆಲಸ ಮಾಡ್ತು ಅನ್ನೋದು ಈಗ ಅರ್ಥ ಆಯ್ತಲ್ಲ? ಬ್ರೇಕ್ ತುಳಿದ ತಕ್ಷಣ ಗಾಡಿ ನಿಧಾನ ಆಗ್ಲೇಬೇಕು. ತೊಂದರೆ ಶುರುವಾಗೋದು ಆಮೇಲೆ.

ಕಾಫಿಗೆ ಬರೋಣ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ, "ಸಾಕಪ್ಪಾ, ಮಲಗು" ಅಂತ ಹೇಳೋದು ಅದೇ. ಕೆಫೀನ್ ಆ ಅಡೆನೊಸಿನ್ ಕುರ್ಚಿಯಲ್ಲಿ ಕೂತು ಬಿಡುತ್ತೆ. ಸುಸ್ತು ಹೋಗಿಲ್ಲ, ಸುಸ್ತಿನ ಸುದ್ದಿ ತಲುಪ್ತಿಲ್ಲ. ದಿನಾ ಹೀಗೆ ಆದ್ರೆ ಮೆದುಳು ಸುಮ್ನಿರಲ್ಲ. ಸುದ್ದಿ ಕೇಳ್ತಿಲ್ವಲ್ಲ ಅಂತ ಹೊಂದಾಣಿಕೆ ಮಾಡ್ಕೊಳ್ಳುತ್ತೆ. ಪ್ರಾಣಿಗಳ ಪ್ರಯೋಗದಲ್ಲಿ ಅಡೆನೊಸಿನ್ ಗ್ರಾಹಕಗಳ ಸಂಖ್ಯೆಯೇ ಜಾಸ್ತಿ ಆಗಿದ್ದು ಕಂಡಿದೆ. ಆಗ ಒಂದು ಲೋಟ ಸಾಲಲ್ಲ, ಎರಡು ಬೇಕು. ಏಕಾದಶಿಗೋ, ಆಪರೇಷನ್ನಿಗೆ ಮುಂಚಿನ ಉಪವಾಸಕ್ಕೋ ಕಾಫಿ ಬಿಟ್ರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತೆ. ಇದೇ ಟಾಲರೆನ್ಸ್, ಇದೇ ವಿತ್‌ಡ್ರಾವಲ್. ಚಿಕ್ಕಮಗಳೂರಿನ ಬೀಜ ನಮಗೆ ಪುಕ್ಕಟೆ ಕಲಿಸೋ ಪಾಠ.

ಬೆಂಜೊ ವಿಷಯದಲ್ಲಿ ಅದೇ ಪಾಠದ ಫೀಸ್ ದುಬಾರಿ. ಹೊರಗಿಂದ ದಿನಾ ಬ್ರೇಕಿಗೆ ಸಹಾಯ ಬರ್ತಾ ಇದ್ರೆ, ಮೆದುಳು ತನ್ನ ಸ್ವಂತ ಬ್ರೇಕನ್ನ ಸಡಿಲ ಮಾಡ್ಕೊಳ್ಳುತ್ತೆ, ಆಕ್ಸಿಲರೇಟರನ್ನ ಸ್ವಲ್ಪ ಒತ್ತುತ್ತೆ. ಕೆಲವು ವಾರಗಳಲ್ಲೇ ನಿದ್ದೆಯ ಗುಣ ಕಡಿಮೆ ಆಗ್ತಾ ಬರುತ್ತೆ. ಅದಕ್ಕೇ ನಿದ್ದೆಗೆ, ಆತಂಕಕ್ಕೆ ಇದನ್ನ ಎರಡರಿಂದ ನಾಲ್ಕು ವಾರ ದಾಟಿಸಬೇಡಿ ಅಂತ ಮಾರ್ಗಸೂಚಿಗಳು ಹೇಳೋದು. ಈ ಸ್ಥಿತೀಲಿ ಮಾತ್ರೆಯನ್ನ ಥಟ್ಟನೆ ನಿಲ್ಲಿಸಿದ್ರೆ ಹೊರಗಿನ ಬ್ರೇಕೂ ಇಲ್ಲ, ಒಳಗಿನದೂ ಸಡಿಲ. ಮೊದಲಿಗಿಂತ ಜಾಸ್ತಿ ಗಾಬರಿ, ನಿದ್ದೆ ಇಲ್ಲ, ಬೆವರು, ನಡುಕ. ಜಾಸ್ತಿ ಪ್ರಮಾಣ, ಜಾಸ್ತಿ ಕಾಲ ತಗೊಂಡವರಿಗೆ ಫಿಟ್ಸ್ ಕೂಡ ಬರಬಹುದು.

ನಮ್ಮ ದೊಡ್ಡಮ್ಮ ಒಬ್ಬರಿಗೆ ಹೀಗಾಯ್ತು. ದೊಡ್ಡಪ್ಪ ತೀರಿಕೊಂಡಾಗ ಯಾರೋ ಡಾಕ್ಟರ್ ಹತ್ತು ದಿನಕ್ಕೆ ಅಂತ ಅಲ್ಪ್ರಾಜೊಲಾಮ್ ಬರೆದಿದ್ರು. ಆ ಹತ್ತು ದಿನ ಆರು ವರ್ಷ ಆಯ್ತು. ಚೀಟಿ ಮಾಸಿ ಹರಿದು ಹೋಗಿತ್ತು, ಅಂಗಡಿಯವರು "ಅಮ್ಮಂದು ಅದೇ ತಾನೇ" ಅಂತ ಸ್ಟ್ರಿಪ್ ಕೊಡ್ತಾನೇ ಇದ್ರು. ಒಂದು ಮದುವೆಗೆ ಶಿವಮೊಗ್ಗಕ್ಕೆ ಹೋದಾಗ ಮಾತ್ರೆ ಡಬ್ಬಿ ಮನೇಲೇ ಉಳೀತು. ಎರಡನೇ ರಾತ್ರಿಗೆ ಕೈ ನಡುಕ, ಸೀರೆ ಒದ್ದೆ ಆಗೋಷ್ಟು ಬೆವರು, ಸುಮ್ಸುಮ್ನೆ ಅಳು. ಒಬ್ಬರು ಶುಗರ್ ಇಳಿದಿದೆ ಅಂದ್ರು, ಇನ್ನೊಬ್ಬರು ದೃಷ್ಟಿ ತೆಗೆದ್ರು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ದಿನಾ ತಗೊಳ್ಳೋ ಮಾತ್ರೆ ಯಾವುದಾದ್ರೂ ತಪ್ಪಿದೆಯಾ?" ಆಮೇಲೆ ಅದನ್ನ ಬಿಡಿಸೋಕೆ ಎಂಟು ತಿಂಗಳು ಹಿಡೀತು. ವಾರಗಟ್ಟಲೆಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸಿ, ಮೆದುಳಿಗೆ ತನ್ನ ಬ್ರೇಕ್ ರಿಪೇರಿ ಮಾಡ್ಕೊಳ್ಳೋಕೆ ಟೈಮ್ ಕೊಟ್ಟು. ಅವರು ಚಟಕ್ಕೆ ಬಿದ್ದವರಲ್ಲ. ದಿನಾ ದೇವರಿಗೆ ದೀಪ ಹಚ್ಚಿ, ಮಾತ್ರೆ ನುಂಗಿ ಮಲಗ್ತಿದ್ದ ಹೆಂಗಸು.

ಪರಿಚಯದ ಮೆಡಿಕಲ್ ಶಾಪ್ ಅಂದ್ಯಲ್ಲ, ಅದಕ್ಕೆ ಇಷ್ಟು ಹೇಳ್ದೆ. ಅಲ್ಪ್ರಾಜೊಲಾಮ್, ಡಯಾಜೆಪಾಮ್, ಜೊಲ್ಪಿಡೆಮ್ ಇವೆಲ್ಲ ನಮ್ಮ ದೇಶದಲ್ಲಿ 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಯಾರು ಬರೆದ್ರು, ಯಾರಿಗೆ, ಎಷ್ಟು ಕೊಟ್ರು ಅಂತ ಅಂಗಡಿಯವರು ಪ್ರತ್ಯೇಕ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಯಮ ಚೆನ್ನಾಗಿದೆ. ಪಾಲನೆ ಹೇಗಿದೆ ಅಂತ ನಿಮ್ಮ ಬೀದಿಯ ಅಂಗಡಿ ನೋಡಿ ನೀವೇ ಹೇಳಿ.

ಮದ್ಯದ ವಿಷಯ ಇಲ್ಲೇ ಹೇಳಿಬಿಡ್ತೀನಿ. ಮದ್ಯವೂ ಇದೇ ಗಾಬಾ ಬ್ರೇಕನ್ನ ಒತ್ತುತ್ತೆ. ಮಾತ್ರೆ ಒಂದೇ ಆದ್ರೆ ಪ್ರಾಣಕ್ಕೆ ಬರೋದು ಅಪರೂಪ. ಮಾತ್ರೆ ಜೊತೆ ಮದ್ಯ, ಅಥವಾ ಕೊಡೀನ್ ಇರೋ ಕೆಮ್ಮಿನ ಸಿರಪ್, ಸೇರಿದ್ರೆ ಉಸಿರಾಟವೇ ನಿಧಾನ ಆಗಿ ನಿಲ್ಲಬಹುದು. "ಒಂದೇ ಒಂದು ಪೆಗ್" ಅನ್ನೋ ಮಾತು ಇಲ್ಲಿ ಬೇಡ.

ಬೆಳಿಗ್ಗೆ ಮಾತ್ರೆ: ಯಾಕಿಷ್ಟು ತಡ?

ಎಸಿಟಾಲೊಪ್ರಾಮ್ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನದ್ದು. ಸಂದಿಗೆ ಸುರಿದ ಸಿರೊಟೋನಿನ್ ವಾಪಸ್ ಬುಟ್ಟಿಗೆ ತುಂಬೋ ಪಂಪನ್ನ ಅದು ಮುಚ್ಚುತ್ತೆ. ಸಿರೊಟೋನಿನ್ ಸಂದಿನಲ್ಲಿ ಹೆಚ್ಚು ಹೊತ್ತು ಇರುತ್ತೆ. ಈ ಕೆಲಸ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತೆ. ಹಾಗಾದ್ರೆ ಮನಸ್ಸಿಗೆ ಗೊತ್ತಾಗೋಕೆ ಎರಡರಿಂದ ಆರು ವಾರ ಯಾಕೆ?

ಒಂದು ಒಳ್ಳೆಯ ವಿವರಣೆ ಹೀಗಿದೆ. ಸಿರೊಟೋನಿನ್ ಕಳಿಸೋ ಕೋಶದ ಮೈಮೇಲೆ ಅದರದ್ದೇ ಆಡಿಟರ್‌ಗಳಿರ್ತಾರೆ. ಎಷ್ಟು ಮಾಲು ಹೊರಗೆ ಹೋಯ್ತು ಅಂತ ಎಣಿಸೋ ಗ್ರಾಹಕಗಳು. ಮಾತ್ರೆಯಿಂದ ಸಿರೊಟೋನಿನ್ ಏರಿದ ತಕ್ಷಣ ಈ ಆಡಿಟರ್‌ಗಳು "ಸ್ಟಾಕ್ ಜಾಸ್ತಿ ಆಯ್ತು, ಕಳಿಸೋದು ಕಡಿಮೆ ಮಾಡಿ" ಅಂತಾರೆ. ಕೋಶ ಸುರಿಯೋದನ್ನ ಇಳಿಸುತ್ತೆ. ಮಾತ್ರೆ ಏರಿಸಿದ್ದನ್ನ ಆಡಿಟರ್ ಇಳಿಸಿದ, ಲೆಕ್ಕ ಹತ್ರ ಹತ್ರ ಟ್ಯಾಲಿ. ದಿನಾ ಮಾತ್ರೆ ಬರ್ತಾನೇ ಇದ್ರೆ, ವಾರಗಳಲ್ಲಿ ಆಡಿಟರ್‌ಗಳು ಮೆತ್ತಗಾಗ್ತಾರೆ, ಎಚ್ಚರಿಕೆ ಕೊಡೋದು ಕಡಿಮೆ ಮಾಡ್ತಾರೆ. ಆಗ ನಿಜವಾಗಿ ಏರಿಕೆ ಆಗುತ್ತೆ. ಜೊತೆಗೆ ನರಕೋಶಗಳ ನಡುವಿನ ಸಂಪರ್ಕಗಳೇ ನಿಧಾನವಾಗಿ ಬದಲಾಗ್ತವೆ, ಹೊಸ ಕವಲು ಬರ್ತವೆ ಅನ್ನೋದಕ್ಕೂ ಪುರಾವೆ ಇದೆ. ಗಿಡಕ್ಕೆ ನೀರು ಹಾಕಿದ ಮಧ್ಯಾಹ್ನವೇ ಚಿಗುರು ಕಾಣಲ್ಲ.

ಹನ್ನೆರಡನೇ ದಿನ ಬಿಡೋದು ಅಂದ್ರೆ ತೊಂದರೆಯ ಭಾಗವನ್ನ ಪೂರ್ತಿ ಅನುಭವಿಸಿ, ಉಪಯೋಗದ ಭಾಗಕ್ಕೆ ಮುಂಚೆ ಎದ್ದು ಹೋಗೋದು. ಡಾಕ್ಟರ್ ಎರಡು ಮಾತ್ರೆ ಜೊತೆಗೆ ಕೊಟ್ಟಿದ್ದು ಯಾಕೆ ಅಂತ ಈಗ ಹೊಳೀತಾ? ನಿಧಾನದ್ದು ಕಣ್ಣು ಬಿಡೋವರೆಗೆ ವೇಗದ್ದು ಸೇತುವೆ. ನಮ್ಮ ಹುಡುಗ ಸೇತುವೆ ಮೇಲೆ ಮನೆ ಕಟ್ಟೋಕೆ ಹೊರಟಿದ್ದ.

"ಸಿರೊಟೋನಿನ್ ಕಮ್ಮಿ ಆದ್ರೆ ಡಿಪ್ರೆಷನ್" ಅಂತ ರೀಲ್‌ಗಳಲ್ಲಿ ಕೇಳಿರ್ತೀರ. ಅದು ಅಷ್ಟು ಸರಳ ಇಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆ, ಖಿನ್ನತೆ ಇರೋರಲ್ಲಿ ಸಿರೊಟೋನಿನ್ ಕಮ್ಮಿ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತು. ಕೂಡಲೇ "ಮಾತ್ರೆ ಎಲ್ಲಾ ಮೋಸ" ಅಂತ ಇನ್ನೊಂದಿಷ್ಟು ರೀಲ್ ಬಂದ್ವು. ಎರಡೂ ಅವಸರದ ಮಾತು. ಕೆಮ್ಮಿಗೆ ಶುಂಠಿ ಕಷಾಯ ಕುಡೀತೀವಿ, ದೇಹದಲ್ಲಿ ಶುಂಠಿ ಕಮ್ಮಿ ಆಗಿತ್ತು ಅಂತಲ್ಲ. ಕಾರಣ ಬೇರೆ, ಉಪಶಮನ ಬೇರೆ. ಮಾತ್ರೆ ಕೆಲಸ ಮಾಡುತ್ತಾ ಅನ್ನೋದಕ್ಕೆ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ: 522 ಪ್ರಯೋಗಗಳು, 1,16,477 ಜನ, 21 ಔಷಧಗಳು. ಖಿನ್ನತೆ ಇರೋ ವಯಸ್ಕರಲ್ಲಿ 21ಕ್ಕೆ 21ನ್ನೂ ಸಕ್ಕರೆ ಮಾತ್ರೆಗಿಂತ ಮೇಲು ಅಂತ ಬಂತು. ಸರಾಸರಿ ವ್ಯತ್ಯಾಸ ಭಾರೀ ಏನಲ್ಲ, ಸಾಧಾರಣ. ಕೆಲವರಿಗೆ ಬದುಕೇ ವಾಪಸ್ ಬಂದಂತೆ, ಕೆಲವರಿಗೆ ಏನೂ ಇಲ್ಲ, ಮಾತ್ರೆ ಬದಲಿಸಬೇಕು ಅಥವಾ ಥೆರಪಿ ಸೇರಿಸಬೇಕು. ಲೈಂಗಿಕ ಆಸಕ್ತಿ ಕಡಿಮೆ ಆಗೋದು, ಭಾವನೆಗಳೆಲ್ಲ ಸ್ವಲ್ಪ ಸಪ್ಪೆ ಅನ್ನಿಸೋದು ಇದೆಲ್ಲ ನಿಜವಾದ ಅಡ್ಡಪರಿಣಾಮಗಳು. ಮುಜುಗರ ಪಟ್ಟು ಮುಚ್ಚಿಟ್ಕೊಂಡು ಮಾತ್ರೆ ಬಿಡೋರೇ ಜಾಸ್ತಿ. ಡಾಕ್ಟರ್ ಇದನ್ನ ದಿನಾ ಕೇಳ್ತಾರೆ, ಬಾಯಿ ಬಿಟ್ಟು ಹೇಳಿ.

ಇನ್ನೊಂದು ಮಾತು ನಿಮ್ಮ ವಯಸ್ಸಿನವರಿಗೇ. 25ಕ್ಕಿಂತ ಚಿಕ್ಕವರಲ್ಲಿ ಈ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರ, ಪ್ರಮಾಣ ಬದಲಿಸಿದಾಗಲೂ, ಕೆಲವರಿಗೆ ಚಡಪಡಿಕೆ ಹೆಚ್ಚಾಗಿ ಸಾಯಬೇಕು ಅನ್ನೋ ಯೋಚನೆ ಬರಬಹುದು. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಮಕ್ಕಳಿಗೆ ಸಂಬಂಧಿಸಿ, 2007ರಲ್ಲಿ 24 ವರ್ಷದವರೆಗಿನ ಯುವಕರಿಗೂ ಸೇರಿಸಿ ಈ ಎಚ್ಚರಿಕೆಯನ್ನ ಔಷಧದ ಲೇಬಲ್ ಮಾಹಿತಿಯಲ್ಲೇ ಹಾಕಿಸಿದ್ರು. ಹೆದರಿ ತಗೊಳ್ಳದೇ ಇರಿ ಅಂತಲ್ಲ. ಆ ದಿನಗಳಲ್ಲಿ ಮನೇಲಿ ಒಬ್ಬರಿಗಾದ್ರೂ ವಿಷಯ ಗೊತ್ತಿರಲಿ, ಅಂಥ ಯೋಚನೆ ಬಂದ್ರೆ ಅವತ್ತೇ ಹೇಳಿ.

ಇನ್ನು ಬಿಡೋದು. ಇದು ಬೆಂಜೊ ತರ ಅಲ್ಲ, ಇನ್ನೂ ಬೇಕು ಬೇಕು ಅನ್ನೋ ಹಪಾಹಪಿ ಹುಟ್ಟಿಸಲ್ಲ. ಆದ್ರೂ ಮೆದುಳು ಅದಕ್ಕೆ ಹೊಂದಿಕೊಂಡಿರುತ್ತೆ. ಥಟ್ಟನೆ ನಿಲ್ಲಿಸಿದ್ರೆ ತಲೆ ಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗೋದು. ಎಸಿಟಾಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 30 ಗಂಟೆ. ಫ್ಲುಒಕ್ಸೆಟಿನ್ ದಿನಗಟ್ಟಲೆ ಉಳಿಯುತ್ತೆ, ಅದಕ್ಕೇ ಅದನ್ನ ಬಿಡೋವಾಗ ಕಾಟ ಕಮ್ಮಿ. ಎಷ್ಟು ತಿಂಗಳು ತಗೊಂಡಿದೀರ ಅನ್ನೋದರ ಮೇಲೆ ಇಳಿಸೋ ವೇಗವನ್ನ ಡಾಕ್ಟರ್ ಹೇಳ್ತಾರೆ. ಬಿಟ್ಟಾಗ ಆಗೋ ಈ ಕಾಟವನ್ನ "ನೋಡಿದ್ಯಾ, ಕಾಯಿಲೆ ವಾಪಸ್ ಬಂತು" ಅಂತಲೋ "ನೋಡಿದ್ಯಾ, ಚಟ ಆಯ್ತು" ಅಂತಲೋ ಮನೆಯವರು ತಪ್ಪು ತಿಳಿಯೋದು ತುಂಬಾ.

ಎರಡು ಗಿಡಗಳ ಕಥೆ

ಅವರಮ್ಮನ ಇನ್ನೊಂದು ಸಲಹೆ ಇತ್ತು, "ಇಂಗ್ಲಿಷ್ ಮಾತ್ರೆ ಬಿಟ್ಟು ಯಾವುದಾದ್ರೂ ಬೇರು ನಾರು ತಗೋ, ಅದು ತಲೆಗೆ ಹೋಗಲ್ಲ." ಇದಕ್ಕೆ ಉತ್ತರ ಕೊಡದೇ ಇರೋಕೆ ಆಗಲ್ಲ, ಯಾಕಂದ್ರೆ ಈ ವಿಜ್ಞಾನದ ಒಂದು ದೊಡ್ಡ ಅಧ್ಯಾಯವೇ ನಮ್ಮ ಬೇರಿನಿಂದ ಶುರುವಾಗಿದ್ದು.

ಸರ್ಪಗಂಧ. ಹುಚ್ಚಿಗೆ, ನಿದ್ದೆಗೆ ಅಂತ ನಮ್ಮಲ್ಲಿ ಬಹಳ ಹಿಂದಿನಿಂದ ಬಳಸ್ತಿದ್ದ ಬೇರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್, ರಕ್ತದೊತ್ತಡಕ್ಕೆ ಇದು ಹೇಗೆ ಕೆಲಸ ಮಾಡುತ್ತೆ ಅಂತ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಬೇರಿನಿಂದ ರೆಸರ್ಪಿನ್ ಅನ್ನೋ ವಸ್ತುವನ್ನ ಬೇರ್ಪಡಿಸಿತು. ಅದು ನರಕೋಶದ ಆ ಸಣ್ಣ ಚೀಲಗಳನ್ನ ಬರಿದು ಮಾಡುತ್ತೆ ಅಂತ ಆಮೇಲೆ ಗೊತ್ತಾಯ್ತು.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ಈ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು, ಅಲ್ಲಾಡದೆ ಕೂತುಬಿಟ್ವು. ಆಮೇಲೆ ಡೋಪಾ ಅನ್ನೋ ವಸ್ತು ಕೊಟ್ಟರು, ಮೊಲಗಳು ಎದ್ದು ಓಡಾಡಿದ್ವು. ಡೋಪಮೈನ್ ಮೆದುಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡೋ ರಾಸಾಯನಿಕ ಅಂತ ಗೊತ್ತಾಗಿದ್ದು ಈ ದಾರೀಲೇ. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಬಂದಿದ್ದು ಅದರಿಂದ. ಕಾರ್ಲ್‌ಸನ್‌ಗೆ 2000ನೇ ಇಸವಿಯಲ್ಲಿ ನೊಬೆಲ್ ಬಂತು.

ನೇರವಾಗಿ ಡೋಪಮೈನ್ ಮಾತ್ರೆ ಕೊಟ್ರೆ ಆಗಲ್ವಾ? ಆಗಲ್ಲ, ಬಾಗಿಲಲ್ಲಿ ಚೆಕಿಂಗ್ ಇದೆಯಲ್ಲ. ಡೋಪಮೈನ್ ತಡೆ ದಾಟಲ್ಲ. ಲೆವೊಡೋಪಾ ಅಮೈನೊ ಆಮ್ಲದ ಜಾತಿಯದ್ದು, ಊಟದ ಪ್ರೋಟೀನ್ ಹೋಗೋ ಬಾಗಿಲಲ್ಲೇ ಒಳಗೆ ನುಸುಳಿ, ಒಳಗೆ ಹೋದ್ಮೇಲೆ ಡೋಪಮೈನ್ ಆಗುತ್ತೆ. ತುಂಬಾ ಪ್ರೋಟೀನ್ ಇರೋ ಊಟದ ಜೊತೆ ತಗೊಂಡ್ರೆ ಬಾಗಿಲಲ್ಲಿ ರಶ್ ಆಗಿ ಮಾತ್ರೆಯ ಪರಿಣಾಮ ಕಡಿಮೆ ಆಗೋದೂ ಉಂಟು. ಲೆವೊಡೋಪಾ ಯಾವ ಗಿಡದಲ್ಲಿದೆ ಗೊತ್ತಾ? ಬೇಲಿ ಮೇಲೆ ಬೆಳೆಯೋ, ಮುಟ್ಟಿದ್ರೆ ಮೈಯೆಲ್ಲಾ ತುರಿಸೋ ನಮ್ಮ ನಸುಗುನ್ನಿ ಬೀಜದಲ್ಲಿ. ಭಾರತದ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನ ಬೇರ್ಪಡಿಸಿದ್ರು.

ಹಾಗಾಗಿ ಅಮ್ಮನಿಗೆ ಹೇಳಬೇಕಾದ್ದು, ಬೇರೂ ತಲೆಗೆ ಹೋಗುತ್ತೆ, ಬೀಜವೂ ಹೋಗುತ್ತೆ. ಬೇರಿನ ಜೊತೆ ಬರೋ ತೊಂದರೆ ಏನಂದ್ರೆ ಯಾವ ಬೇರಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಮೇಲೆ ಬರೆದಿರಲ್ಲ. ರೆಸರ್ಪಿನ್ ತಗೊಂಡ ಕೆಲವರಲ್ಲಿ ಮನಸ್ಸು ತೀರಾ ಕುಗ್ಗಿ ಹೋಗಿದ್ದು ಆ ಕಾಲದಲ್ಲೇ ವರದಿ ಆಗಿತ್ತು. ಖಿನ್ನತೆಗೆ ಮಾತ್ರೆ ತಗೊಳ್ತಾ ಇರೋರು ಪಕ್ಕದಲ್ಲಿ ಯಾವುದೋ ಪುಡಿಯನ್ನೂ ಸೇರಿಸ್ಕೊಂಡ್ರೆ ಅದನ್ನ ಡಾಕ್ಟರಿಗೆ ಹೇಳ್ಲೇಬೇಕು.

ಯಾರ ಹತ್ರ ಹೋಗೋದು, ದುಡ್ಡಿಲ್ಲ ಅನ್ನೋರಿಗೆ: 14416, ಟೆಲಿ ಮಾನಸ್. 2022ರ ಅಕ್ಟೋಬರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸ್ತಿದ್ರೂ ಇದೇ ನಂಬರ್. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗ್ತಾರೆ. ಅಂದಹಾಗೆ ದೇಶದಾದ್ಯಂತ ಇರೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರೀಲಿ ಮಾಡಿದ ಪ್ರಯೋಗ.

ಹೋದಾಗ ಈ ಪ್ರಶ್ನೆಗಳನ್ನ ಫೋನಲ್ಲಿ ಬರ್ಕೊಂಡು ಹೋಗಿ, ಎದುರು ಕೂತಾಗ ಮರೆತು ಹೋಗುತ್ತೆ. ಇದರಲ್ಲಿ ಯಾವ ಮಾತ್ರೆ ಸೇತುವೆ, ಯಾವುದು ದಾರಿ? ಗೊತ್ತಾಗೋಕೆ ಎಷ್ಟು ದಿನ ಬೇಕು? ಒಂದು ದಿನ ತಪ್ಪಿದ್ರೆ ಏನು ಮಾಡ್ಲಿ? ಗಾಡಿ ಓಡಿಸಬಹುದಾ? ನಿಲ್ಲಿಸೋವಾಗ ಹೇಗೆ ಇಳಿಸೋದು? ಐದೇ ಪ್ರಶ್ನೆ, ಎರಡು ನಿಮಿಷ. ಕ್ಯೂ ಎಷ್ಟೇ ಇದ್ರೂ ಎರಡು ನಿಮಿಷ ಕೇಳೋ ಹಕ್ಕು ನಿಮಗಿದೆ.

ಎಡಿಎಚ್‌ಡಿ ಮಾತ್ರೆ ಬಗ್ಗೆ ಹದಿನಾರು ಮೆಸೇಜ್ ಬಂದಿದೆ. ಅದು ಇದಕ್ಕೆ ಸೇರಿಸಿದ್ರೆ ಇನ್ನೊಂದು ಗಂಟೆ ಆಗುತ್ತೆ, ಹಾಗಾಗಿ ಮುಂದಿನ ವಾರ.